ಮುಂದುವರಿಸಲೇ, ಹೌದೋ ಇಲ್ಲವೋ

ದೊಡ್ಡಬಳ್ಳಾಪುರ
11 ಜೂನ್ 2024

ಸಂಘಮಿತ್ರ ಮೇಡಂ ಅವರಿಗೆ,

ನಮಸ್ಕಾರ. ನನ್ನ ಹೆಸರು ಅಶೋಕ್. ಇಲ್ಲಿ ಸೀರೆಗಳಿಗೆ ಡಿಸೈನ್ ಬಿಡಿಸುವ ಕೆಲಸ ಮಾಡುತ್ತೇನೆ. ನೀವು ತಯಾರಿಸಿರುವ ‘ಉಲಿ’ ತಂತ್ರಾಂಶ ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿದೆ. ಅಕ್ಷರ ಆರಿಸಿದರೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತದಲ್ಲ, ಅದು. ಅದರ ಪುಟದಲ್ಲಿ ನಿಮ್ಮ ಇಮೇಲ್ ವಿಳಾಸವಿತ್ತು, ಕನ್ನಡದಲ್ಲೇ ಬರೆಯಬಹುದು ಎಂದೂ ಇತ್ತು. ಹಾಗಾಗಿ ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಅಪ್‌ಡೇಟ್ ಮಾಡಿ ಎಂದು ಪರದೆಯ ಮೇಲೆ ಬಂತು. ಒತ್ತಿದೆ. ಅರ್ಧ ಆಗುವಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿ ಸತ್ತು ಬಹಳ ಕಾಲವಾಗಿದೆ, ಲ್ಯಾಪ್‌ಟಾಪ್ ಅಲ್ಲೇ ಆರಿಹೋಯಿತು. ಮತ್ತೆ ಹಾಕಿದರೆ ಉಲಿ ತೆರೆಯುತ್ತಿಲ್ಲ. ಟರ್ಮಿನಲ್ ಎನ್ನುವ ಕಪ್ಪು ಕಿಟಕಿಗೆ ಹೋಗಿ ಮತ್ತೊಮ್ಮೆ ಇನ್‌ಸ್ಟಾಲ್ ಮಾಡಲು ನೋಡಿದೆ. ಹಿಂದಿನ ಕೆಲಸ ನಡುವೆ ನಿಂತಿದೆ, ಮೊದಲು ಅದನ್ನು ಮುಗಿಸು ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದೆ. ಹೇಗೆ ಮುಗಿಸುವುದೋ ಗೊತ್ತಿಲ್ಲ.

ತುರ್ತಾಗಿ ಸರಿಯಾಗಬೇಕಿದೆ. ಇವತ್ತೇ ಉತ್ತರ ಕೊಟ್ಟರೆ ದೊಡ್ಡ ಉಪಕಾರ.

ಇಂತಿ,
ಅಶೋಕ್


ಸಿಲ್ಚರ್, ಅಸ್ಸಾಂ
13 ಜೂನ್ 2024

ಅಶೋಕ್ ಅವರೇ,

ದೊಡ್ಡಬಳ್ಳಾಪುರ ಎಂದು ಓದಿ ಖುಷಿಯಾಯಿತು. ನಾನು ಹೊಸಕೋಟೆಯವಳು. ಇಲ್ಲಿ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಉಲಿ ನನ್ನ ಬಿಡುವಿನ ಕೆಲಸ, ನೋಡಿಕೊಳ್ಳುವವಳು ನಾನೊಬ್ಬಳೇ. ಉತ್ತರ ತಡವಾದುದಕ್ಕೆ ಕ್ಷಮಿಸಿ. ಇಲ್ಲಿ ಮಳೆ ಬಿಡುತ್ತಿಲ್ಲ, ನೆಟ್‌ವರ್ಕ್ ಬಂದು ಬಂದು ಹೋಗುತ್ತಿದೆ.

ಗಾಬರಿಯಾಗುವಂಥದ್ದೇನೂ ಆಗಿಲ್ಲ. ಪ್ಯಾಕೇಜ್ ಮ್ಯಾನೇಜರ್ ಎಂದರೆ, ನೀವು ಒಂದು ತಂತ್ರಾಂಶ ಕೇಳಿದಾಗ ಅದಕ್ಕೆ ಬೇಕಾದ ಇತರ ಸಣ್ಣಪುಟ್ಟ ತಂತ್ರಾಂಶಗಳನ್ನೂ ಹುಡುಕಿ ತಂದು ಒಂದರ ಮೇಲೊಂದು ಸರಿಯಾಗಿ ಕೂರಿಸುವ ವ್ಯವಸ್ಥೆ. ಕೂರಿಸುವಾಗ ಕರೆಂಟ್ ಹೋದ ಕಾರಣ ಕೆಲವು ಕೂತಿವೆ, ಕೆಲವು ಅರ್ಧಕ್ಕೆ ನಿಂತಿವೆ. ಅಷ್ಟೇ. ಬಿಟ್ಟಲ್ಲಿಂದ ಮುಂದುವರಿಸು ಎಂದು ಹೇಳುವ ಒಂದೇ ಸಾಲಿನ ಆಜ್ಞೆಯನ್ನು ಲಗತ್ತಿಸಿದ ಕಡತದಲ್ಲಿ ಇಟ್ಟಿದ್ದೇನೆ. ಅದನ್ನು ಕೊಟ್ಟು ಸುಮ್ಮನೆ ಕಾಯಿರಿ.

‘ಬೀಗ ಬೇರೆಯವರ ಬಳಿ ಇದೆ’ ಎಂಬಂಥ ಸಂದೇಶ ಬಂದರೆ, ಹಿಂದೆ ಇನ್ನೊಂದು ಅಪ್‌ಡೇಟ್ ತಾನಾಗಿಯೇ ನಡೆಯುತ್ತಿದೆ ಎಂದರ್ಥ. ಅದು ಮುಗಿಯಲಿ. ಬೀಗದ ಕಡತವನ್ನು ಅಳಿಸಿ ಎಂದು ಇಂಟರ್ನೆಟ್ಟಿನಲ್ಲಿ ಬಹಳ ಜನ ಹೇಳುತ್ತಾರೆ. ಅಳಿಸಬೇಡಿ.

ಇದೆಲ್ಲಕ್ಕೂ ಮೊದಲು ಮಾಡಬೇಕಾದದ್ದೊಂದಿದೆ. ನೀವು ಉಲಿಯಲ್ಲಿ ಯಾರದಾದರೂ ಸ್ವಂತ ಧ್ವನಿ ತಯಾರಿಸಿಕೊಂಡಿದ್ದರೆ, ಆ ಧ್ವನಿಗಳ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಜಾಗ ಎಲ್ಲಿದೆ ಎಂಬುದೂ ಲಗತ್ತಿನಲ್ಲಿದೆ.

ಸಂಘಮಿತ್ರ


ದೊಡ್ಡಬಳ್ಳಾಪುರ
13 ಜೂನ್ 2024

ಮೇಡಂ,

ನಿಮ್ಮ ಪತ್ರ ಈಗ ನೋಡಿದೆ. ಅಷ್ಟರವರೆಗೆ ಕಾಯಲು ಆಗಲಿಲ್ಲ. ಇಂಟರ್ನೆಟ್ಟಿನಲ್ಲಿ ನೋಡಿಕೊಂಡು ಕೆಲವು ಕಮಾಂಡ್ ಕೊಟ್ಟಿದ್ದೆ. ನೀವು ಕಳಿಸಿದ ಸಾಲನ್ನೂ ಈಗ ಕೊಟ್ಟೆ, ಏನೂ ಹೇಳದೆ ಸುಮ್ಮನಾಯಿತು. ಉಲಿ ಇನ್‌ಸ್ಟಾಲ್ ಮಾಡು ಎಂದರೆ ಅಂಥ ಪ್ಯಾಕೇಜೇ ಇಲ್ಲ ಎನ್ನುತ್ತಿದೆ. ನಿಮ್ಮ ಸರ್ವರ್ ಸಿಗುತ್ತಿಲ್ಲ ಎಂದೂ ಬರುತ್ತಿದೆ.

ಇನ್ನೊಂದು ವಿಷಯ. ನೀವು ಹೇಳಿದ ಜಾಗದಲ್ಲಿ ಧ್ವನಿಗಳ ಫೋಲ್ಡರ್ ಕಾಣಿಸುತ್ತಿಲ್ಲ. ಅದು ಬೇರೆ ಎಲ್ಲಾದರೂ ಇರುತ್ತದೆಯೇ? ದಯವಿಟ್ಟು ಬೇಗ ತಿಳಿಸಿ.

ಅಶೋಕ್


ಸಿಲ್ಚರ್
16 ಜೂನ್ 2024

ಅಶೋಕ್ ಅವರೇ,

ಸರ್ವರ್ ದುರಸ್ತಿಯಲ್ಲಿದೆ. ಸ್ವಲ್ಪ ದಿನ ಹಿಡಿಯಬಹುದು.

‘ಕೆಲವು ಕಮಾಂಡ್’ ಎಂದರೆ ಯಾವುವು? ಅದನ್ನು ಹೇಳದಿದ್ದರೆ ನಾನು ಕತ್ತಲೆಯಲ್ಲಿ ಕೈಯಾಡಿಸಿದಂತೆ. ನೀವು ಏನು ಕೊಟ್ಟಿರಿ, ಅದು ಏನು ಹೇಳಿತು, ಕ್ರಮವಾಗಿ ಬರೆಯಿರಿ. ಗೊತ್ತಿಲ್ಲದ ಆಜ್ಞೆಗಳನ್ನು ಕೊಡುತ್ತಾ ಹೋಗಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಯಾರೂ ಕೇಳುವುದಿಲ್ಲ.

ಅಲ್ಲಿಯವರೆಗೆ ಫೋನಿನಲ್ಲಿ ಬರುವ ಕನ್ನಡ ಧ್ವನಿಯನ್ನು ಬಳಸಿ. ಕೆಲಸ ನಡೆಯುತ್ತದೆ. ದನಿ ಬೇರೆ ಇರುತ್ತದೆ, ಅಷ್ಟೇ.

ಸಂಘಮಿತ್ರ


ದೊಡ್ಡಬಳ್ಳಾಪುರ
16 ಜೂನ್ 2024

ಮೇಡಂ,

ದನಿ ಬೇರೆ ಇರುತ್ತದೆ ಅಷ್ಟೇ ಎಂದಿರಿ. ಇದನ್ನು ಓದಿದ ಮೇಲೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ. ನೀವು ತಿಳಿದವರು, ನಾನು ಕೋಪದಲ್ಲಿ ಬರೆಯುತ್ತಿದ್ದೇನೆ, ಆದರೂ ಬರೆಯುತ್ತೇನೆ.

ಉಲಿ ನನಗಲ್ಲ, ನನ್ನ ಹೆಂಡತಿ ಮಮತಳಿಗೆ. ದೊಡ್ಡಬೆಳವಂಗಲದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಮೋಟಾರ್ ನ್ಯೂರಾನ್ ಎಂಬ ಕಾಯಿಲೆ. ಮೊದಲು ಕೈಯಿಂದ ಸೀಮೆಸುಣ್ಣ ಜಾರತೊಡಗಿತು, ಆಮೇಲೆ ಕಾಲು, ಆಮೇಲೆ ನಾಲಗೆ. ನಾಲಗೆ ತೊದಲುವುದಕ್ಕೆ ಮುಂಚೆಯೇ ಅವಳು ನಿಮ್ಮ ಉಲಿಯನ್ನು ಹುಡುಕಿ ತೆಗೆದಳು. ನೀವು ಕೊಟ್ಟ ವಾಕ್ಯಗಳನ್ನೆಲ್ಲ ಓದಿ ರೆಕಾರ್ಡ್ ಮಾಡಿದಳು. ನಮ್ಮ ಬೀದಿಯಲ್ಲಿ ಎರಡೂ ಕಡೆ ಮಗ್ಗ. ಕರೆಂಟ್ ಹೋದಾಗ ಮಾತ್ರ ಸದ್ದು ನಿಲ್ಲುತ್ತದೆ. ಬೇರೆಯವರು ಕರೆಂಟ್ ಹೋಯಿತೆಂದು ಬೈಯುವಾಗ ಇವಳು ಫೋನ್ ಹಿಡಿದು ಓದಲು ಕೂರುತ್ತಿದ್ದಳು. ಹೀಗೆ ತಿಂಗಳುಗಟ್ಟಲೆ. ಆ ದನಿಯಲ್ಲೇ ಇದುವರೆಗೂ ಮಾತಾಡುತ್ತಿದ್ದಳು. ಈಗ ಅವಳಿಗೆ ಆಡುವುದು ಕಣ್ಣು ಮತ್ತು ಬಲಗೆನ್ನೆ. ಕೆನ್ನೆಗೆ ಒಂದು ಸ್ವಿಚ್ ಇಟ್ಟಿದ್ದೇವೆ. ಪರದೆಯಲ್ಲಿ ಅಕ್ಷರಗಳು ಒಂದೊಂದಾಗಿ ಬೆಳಗುತ್ತಾ ಹೋಗುತ್ತವೆ, ಬೇಕಾದ್ದು ಬಂದಾಗ ಕೆನ್ನೆ ಒತ್ತುತ್ತಾಳೆ. ಆ ಸ್ವಿಚ್ ಉಲಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಆಗುವುದಿಲ್ಲ. ಫೋನಿನ ದನಿ ತೆಗೆದುಕೊಂಡು ಏನು ಮಾಡಲಿ? ಫೋನನ್ನು ಅವಳು ಯಾವುದರಿಂದ ಒತ್ತಬೇಕು?

ನಾನು ಕೆಲಸಕ್ಕೆ ಹೋದಾಗ ನೋಡಿಕೊಳ್ಳುವವಳು ನಮ್ಮಮ್ಮ, ಸಪ್ಪಲಮ್ಮ. ಅವಳಿಗೆ ಓದಲು ಬರುವುದಿಲ್ಲ. ಪರದೆಯಲ್ಲಿ ಏನು ಬರೆದರೂ ಅವಳಿಗೆ ಒಂದೇ. ಮಮತ ಕೂಗಿದರೆ ಬರುತ್ತಾಳೆ, ಹೇಳಿದ್ದು ಮಾಡುತ್ತಾಳೆ. ಮೊನ್ನೆ ಅಮ್ಮ ಗಂಜಿ ಕುಡಿಸಿದಳು. ಒಲೆಯಿಂದ ಆಗತಾನೆ ಇಳಿಸಿದ್ದು. ಸಂಜೆ ಬಂದು ನೋಡಿದರೆ ಮಮತಳ ಬಾಯಿ ಒಳಗೆಲ್ಲ ಬೆಂದಿದೆ. ಅಮ್ಮ ಮೂಲೆಯಲ್ಲಿ ಕೂತು ಅಳುತ್ತಿದ್ದಳು. “ನಂಗೇನು ಗೊತ್ತು ಕಣಪ್ಪ. ಯಾವಾಗ್ಲೂ ಅವ್ಳೇ ಹೇಳ್ತಿದ್ಲು, ಅತ್ತೆ ಆರ್ಸಿ ಕೊಡಿ ಅಂತ. ಇವತ್ತು ಏನೂ ಹೇಳ್ಲಿಲ್ಲ. ಕಣ್ಣಲ್ಲಿ ನೀರು ಬಂತು, ನಾನು ಅವ್ರಮ್ಮನ್ನ ನೆನೆಸ್ಕೊಂಡವ್ಳೆ ಅಂದ್ಕೊಂಡೆ” ಎಂದಳು.

ಯಾವ ಕಮಾಂಡ್ ಎಂದು ಕೇಳಿದಿರಲ್ಲ, ಹೇಳುತ್ತೇನೆ. ಬೀಗದ ಸಂದೇಶ ಬಂತು. ಬೀಗದ ಕಡತ ಅಳಿಸಿದೆ. ಅದಾದ ಮೇಲೆ ಎಲ್ಲವೂ ಒಂದಕ್ಕೊಂದು ಹೊಂದುತ್ತಿಲ್ಲ ಎಂದು ಶುರುವಾಯಿತು. ಮುರಿದದ್ದನ್ನು ತಾನೇ ಸರಿಮಾಡುವ ಒಂದು ಕಮಾಂಡ್ ಇದೆ ಎಂದು ಯಾರೋ ಬರೆದಿದ್ದರು. ಇನ್ನೊಬ್ಬರು, ಅದಕ್ಕೂ ಮುಂಚೆ ಹಳೆಯದನ್ನು ಬೇರುಸಹಿತ ಕಿತ್ತು ಹೊಸದಾಗಿ ಹಾಕುವುದೇ ಒಳ್ಳೆಯದು ಎಂದಿದ್ದರು. ಹಾಗೇ ಕೊಟ್ಟೆ. ಈ ಈ ಪ್ಯಾಕೇಜುಗಳನ್ನು ತೆಗೆದುಹಾಕುತ್ತೇನೆ, ಮುಂದುವರಿಸಲೇ, ಹೌದೋ ಇಲ್ಲವೋ ಎಂದು ಕೇಳಿತು.

ಲ್ಯಾಪ್‌ಟಾಪ್ ಮಮತಳ ಮುಂದೆಯೇ ಇತ್ತು. ನಾನು ಪಕ್ಕದಲ್ಲಿ ಬಗ್ಗಿ ನಿಂತಿದ್ದೆ. ಅವಳು ನನಗಿಂತ ಬೇಗ ಇಂಗ್ಲಿಷ್ ಓದುತ್ತಾಳೆ. ಅವಳ ಮುಖ ನೋಡಿ, “ಒತ್ಲಾ?” ಎಂದೆ. ಕಣ್ಣು ಬಡಿದಳು. ಒಂದಲ್ಲ, ಮತ್ತೆ ಮತ್ತೆ ಬಡಿದಳು. ಒತ್ತು, ಬೇಗ ಒತ್ತು ಅನ್ನುತ್ತಿದ್ದಾಳೆ ಎಂದುಕೊಂಡು ಒತ್ತಿದೆ.

ಆಮೇಲೆ ಅವಳು ಕಣ್ಣು ಮುಚ್ಚಿದವಳು ಸಂಜೆಯವರೆಗೂ ತೆರೆಯಲಿಲ್ಲ.

ಓಡುವ ಮಗ್ಗ ನಡುವೆ ನಿಂತರೆ ನಮ್ಮಲ್ಲಿ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಕತ್ತರಿಸುವುದಿಲ್ಲ ಮೇಡಂ. ತುಂಡಾದ ಎಳೆಯನ್ನು ಹುಡುಕಿ ಗಂಟು ಹಾಕುತ್ತೇವೆ. ಇದನ್ನೇ ನೋಡಿಕೊಂಡು ಬೆಳೆದ ನಾನು ನನ್ನ ಮನೆಯ ಹಾಸನ್ನೇ ಕತ್ತರಿಸಿಬಿಟ್ಟೆ. ನಿಮ್ಮ ಸರ್ವರ್ ಯಾವಾಗ ದುರಸ್ತಿಯಾಗುತ್ತದೆ ಹೇಳಿ. ಸ್ವಲ್ಪ ದಿನ ಎನ್ನಬೇಡಿ.

ಅಶೋಕ್


ದೊಡ್ಡಬಳ್ಳಾಪುರ
20 ಜೂನ್ 2024

ಮೇಡಂ,

ಕೋಪ ಮಾಡಿಕೊಂಡಿದ್ದೀರಿ. ನನ್ನದೇ ತಪ್ಪು. ಹಾಗೆಲ್ಲ ಬರೆಯಬಾರದಿತ್ತು. ನೀವು ಯಾರೋ ಏನೋ, ನಮ್ಮಿಂದ ಏನೂ ತೆಗೆದುಕೊಳ್ಳದೆ ಇಷ್ಟು ಕಾಲ ಅವಳಿಗೆ ಮಾತು ಕೊಟ್ಟವರು.

ಉತ್ತರ ಬೇಡ. ಆ ಫೋಲ್ಡರ್ ಸಿಗುತ್ತದೋ ಇಲ್ಲವೋ ಎಂಬ ಒಂದು ಮಾತು ಬರೆದರೆ ಸಾಕು.

ಕೆಲಸಕ್ಕೆ ಹೋಗುತ್ತಿಲ್ಲ. ರಟ್ಟಿನ ಮೇಲೆ ಅಕ್ಷರಗಳನ್ನು ದಪ್ಪಗೆ ಬರೆದು ಹಲಗೆ ಮಾಡಿದ್ದೇನೆ. ನಾನು ಬೆರಳಿಟ್ಟುಕೊಂಡು ಹೋಗುತ್ತೇನೆ, ಬೇಕಾದ ಅಕ್ಷರಕ್ಕೆ ಅವಳು ಮೇಲೆ ನೋಡುತ್ತಾಳೆ. ಎರಡು ಮಾತಾಗುವಷ್ಟರಲ್ಲಿ ಸುಸ್ತಾಗಿ ಬಿಡುತ್ತಾಳೆ. ಬಸ್ ಸ್ಟ್ಯಾಂಡ್ ಹತ್ತಿರ ಕೊಂಡಪ್ಪ ಎನ್ನುವವರ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಇವತ್ತು ಅಲ್ಲಿಗೆ ಒಯ್ಯುತ್ತಿದ್ದೇನೆ. ನನಗೆ ಇನ್ನು ಬೇರೆ ದಾರಿ ತೋಚುತ್ತಿಲ್ಲ.

ಅಶೋಕ್


ಸಿಲ್ಚರ್
23 ಜೂನ್ 2024

ಅಶೋಕ್ ಅವರೇ,

ಕೋಪವಲ್ಲ. ನಿಮ್ಮ ಎರಡೂ ಪತ್ರಗಳನ್ನು ಇವತ್ತು ಒಟ್ಟಿಗೆ ಓದಿದೆ, ಸಹೋದ್ಯೋಗಿಯೊಬ್ಬರ ಫೋನಿನಲ್ಲಿ. ಇಲ್ಲಿ ನದಿ ಊರೊಳಗೆ ಬಂದಿದೆ. ನನ್ನ ಮನೆ ನೆಲಮಹಡಿಯದು, ಕಿಟಕಿಯವರೆಗೂ ನೀರು. ಕಾಲೇಜಿನ ಮೇಲ್ಮಹಡಿಯಲ್ಲಿ ನಾವು ಹಲವು ಮನೆಯವರಿದ್ದೇವೆ. ದುರಸ್ತಿ ಎಂದು ಬರೆದದ್ದು ನಿಜವಲ್ಲ. ಸರ್ವರ್ ಕಾಲೇಜಿನ ಕೆಳಗಿನ ಕೋಣೆಯಲ್ಲಿತ್ತು, ಆವತ್ತಿಗಾಗಲೇ ಮುಳುಗಿತ್ತು. ನೀರು ಇಳಿದ ಕೂಡಲೇ ಎತ್ತಿ ಒಣಗಿಸಿದರೆ ಎದ್ದೀತು ಎಂದುಕೊಂಡಿದ್ದೆ. ಯಾರೋ ದೂರದವರು ಅವಸರ ಮಾಡುತ್ತಿದ್ದಾರೆ, ಅವರಿಗೇಕೆ ಇದನ್ನೆಲ್ಲ ಹೇಳುವುದು ಎಂದೂ ಅನ್ನಿಸಿತ್ತು. ಮಮತಾ ಅವರ ವಿಷಯ ಗೊತ್ತಿದ್ದರೆ ಆ ‘ಅಷ್ಟೇ’ ಎಂಬ ಪದ ಬರೆಯುತ್ತಿರಲಿಲ್ಲ.

ಈಗ ಕೇಳಿ. ಬೇರುಸಹಿತ ಕೀಳು ಎಂದು ಹೇಳಿದಾಗ ಉಲಿ ತನ್ನ ಜೊತೆಗೆ ಧ್ವನಿಗಳ ಫೋಲ್ಡರನ್ನೂ ಅಳಿಸುತ್ತದೆ. ಆ ಸಾಲು ಬರೆದವಳು ನಾನೇ. ಯಾರಾದರೂ ಲ್ಯಾಪ್‌ಟಾಪ್ ಮಾರಿದರೆ ಅವರ ದನಿ ಕೊಂಡವರ ಕೈಗೆ ಸಿಗಬಾರದು ಎಂಬ ಎಣಿಕೆಯಿಂದ ಬರೆದೆ. ಆದರೆ ಅಳಿಸಿದ್ದು ತಕ್ಷಣ ಡಿಸ್ಕಿನಿಂದ ಹೋಗಿಬಿಡುವುದಿಲ್ಲ. ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಹುಡುಕಿ ತೆಗೆಯುವ ಸಾಧ್ಯತೆ ಇರುತ್ತದೆ. ಲ್ಯಾಪ್‌ಟಾಪ್ ಆರಿಸಿ. ಮತ್ತೆ ಹಾಕಬೇಡಿ. ಕೊಂಡಪ್ಪನವರ ಅಂಗಡಿಯಿಂದ ಈಗಲೇ ವಾಪಸ್ ತನ್ನಿ. ಫಾರ್ಮ್ಯಾಟ್ ಮಾಡಲು ಬಿಡಬೇಡಿ. ದಯವಿಟ್ಟು.

ಓದಿ ರೆಕಾರ್ಡ್ ಮಾಡಿದ ಮೂಲ ಕಡತಗಳು ಬೇರೆಲ್ಲಾದರೂ ಇವೆಯೇ?

ಸಂಘಮಿತ್ರ


ದೊಡ್ಡಬಳ್ಳಾಪುರ
23 ಜೂನ್ 2024

ಮೇಡಂ,

ಪತ್ರ ನೋಡಿದ ತಕ್ಷಣ ಓಡಿದೆ. ಭಾನುವಾರ, ಅಂಗಡಿ ಬಾಗಿಲು ಹಾಕಿತ್ತು. ಕೊಂಡಪ್ಪನವರ ಮನೆ ಹುಡುಕಿಕೊಂಡು ಹೋದೆ. ಅವರು ಊಟ ಮಾಡುತ್ತಿದ್ದವರು ಎದ್ದು ಬಂದರು. “ಆಗೋಯ್ತಲ್ಲ ಗುರು, ನಿನ್ನೇನೇ ರೆಡಿ ಮಾಡಿಟ್ಟಿದೀನಿ. ಪೂರ್ತಿ ಕ್ಲೀನ್ ಮಾಡಿ ಹೊಸ ಸಿಸ್ಟಮ್ ಹಾಕಿದೀನಿ. ನೀವೇ ಅಂದ್ರಲ್ಲ, ಏನಾದ್ರೂ ಮಾಡಿ ಒಟ್ನಲ್ಲಿ ಸರಿ ಮಾಡ್ಕೊಡಿ ಅಂತ” ಎಂದರು.

ಅಂದಿದ್ದೆ. ಹಾಗೇ ಅಂದಿದ್ದೆ.

ಮೂಲ ರೆಕಾರ್ಡಿಂಗುಗಳೂ ಅದರಲ್ಲೇ ಇದ್ದವು. ಫೋನಿನಲ್ಲಿ ಜಾಗ ಸಾಲದೆಂದು ಅವಳೇ ಲ್ಯಾಪ್‌ಟಾಪಿಗೆ ಹಾಕಿಸಿದ್ದಳು. ನನ್ನ ವಾಟ್ಸಾಪಿನಲ್ಲಿ ಅವಳ ಹಳೆಯ ವಾಯ್ಸ್ ಮೆಸೇಜುಗಳು ಸ್ವಲ್ಪ ಇವೆ. ಬರುವಾಗ ಹಾಲು ತಾ. ಗ್ಯಾಸ್ ಬಂತು. ರೈಲು ಲೇಟು, ಮಾಕಳಿದುರ್ಗದಲ್ಲಿ ನಿಂತಿದೆ. ಇಷ್ಟೇ. ಇದರಿಂದ ಆಗುತ್ತದೆಯೇ?

ಅಶೋಕ್


ದೊಡ್ಡಬಳ್ಳಾಪುರ
27 ಜೂನ್ 2024

ಮೇಡಂ,

ಬೆಂಗಳೂರಿನಲ್ಲಿ ಅಳಿಸಿದ್ದನ್ನು ತೆಗೆದುಕೊಡುವವರು ಇದ್ದಾರೆಂದು ಕೇಳಿ ಹೋಗಿದ್ದೆ. ಬೆಳಗ್ಗೆ ಕೊಟ್ಟು ಸಂಜೆಯವರೆಗೂ ಅವರ ಮೆಟ್ಟಿಲ ಮೇಲೆಯೇ ಕೂತಿದ್ದೆ. ಇದು ಹೊಸ ಥರದ ಡಿಸ್ಕ್, ಒರೆಸಿದ ಮೇಲೆ ಒಳಗೆ ಏನೂ ಉಳಿಯುವುದಿಲ್ಲ ಎಂದರು. ಆ ಹುಡುಗಿ ಒಳ್ಳೆಯವಳು, ನನಗೆ ಪರದೆ ತಿರುಗಿಸಿ ತೋರಿಸಿದಳು. ಉದ್ದಕ್ಕೂ ಬರೀ ಸೊನ್ನೆಗಳು.

ರೈಲಿನಲ್ಲಿ ಬರುವಾಗ ಇಳಿಯಬೇಕು ಎನ್ನುವುದೂ ಮರೆತು ಮುಂದಿನ ಸ್ಟೇಷನ್ನಿಗೆ ಹೋಗಿಬಿಟ್ಟಿದ್ದೆ. ಮನೆಗೆ ಬಂದು ಮಮತಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸಿಗುತ್ತಂತೆ, ಸ್ವಲ್ಪ ದಿನ ಹಿಡಿಯುತ್ತಂತೆ ಎಂದೆ. ನೀವು ನನಗೆ ಹೇಳಿದ ಹಾಗೆಯೇ.

ಏನಾದರೂ ಒಂದು ದಾರಿ ಹೇಳಿ. ನಿಮ್ಮ ಮುಳುಗಿದ ಸರ್ವರಿನಲ್ಲಿ ಅವಳ ದನಿ ಇರಲು ಸಾಧ್ಯವೇ ಇಲ್ಲವೇ? ಒಂದು ಚೂರಾದರೂ?

ಅಶೋಕ್


ಸಿಲ್ಚರ್
28 ಜೂನ್ 2024

ಅಶೋಕ್ ಅವರೇ,

ಇಲ್ಲ. ಬಳಸುವವರ ದನಿಯನ್ನು ಉಲಿ ನನ್ನ ಕಡೆಗೆ ಕಳಿಸುವುದಿಲ್ಲ, ಆ ಲ್ಯಾಪ್‌ಟಾಪ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ವಾಟ್ಸಾಪಿನ ಆ ನಾಲ್ಕು ಮಾತುಗಳಿಂದ ಉಲಿಗೆ ದನಿ ಕಟ್ಟಲು ಆಗುವುದಿಲ್ಲ. ಅವನ್ನು ಜೋಪಾನವಾಗಿ ಎರಡು ಮೂರು ಕಡೆ ಇಟ್ಟುಕೊಳ್ಳಿ. ನಿಮಗೆ ಆಸೆ ತೋರಿಸಿ ಇನ್ನೊಂದು ವಾರ ಎಳೆಯುವುದು ನನ್ನಿಂದಾಗದು. ಮಮತಾ ಅವರ ದನಿ ಹೋಯಿತು.

ಸ್ವಿಚ್ ಮತ್ತು ಮಾತು ಮಾತ್ರ ಮರಳಿ ಬರಬಹುದು. ಉಲಿಯ ಮೂಲ ಕೋಡ್ ಎಲ್ಲ ನನ್ನ ಲ್ಯಾಪ್‌ಟಾಪಿನಲ್ಲಿದೆ, ಅದನ್ನು ತಲೆಯ ಮೇಲೆ ಹೊತ್ತು ತಂದಿದ್ದೆ. ಇಲ್ಲಿ ಜನರೇಟರ್ ಓಡಿಸುವಾಗ ಅದಕ್ಕೆ ಕರೆಂಟ್ ಕೊಡುತ್ತಾರೆ. ಕೊಂಡಪ್ಪನವರು ಹಾಕಿದ ಹೊಸ ಸಿಸ್ಟಮ್‌ಗೆ ಹೊಂದುವಂತೆ ಪ್ಯಾಕೇಜನ್ನು ಮತ್ತೆ ಕಟ್ಟಿ ಕಳಿಸಬಲ್ಲೆ, ಸರ್ವರ್ ಬೇಕಾಗುವುದಿಲ್ಲ. ಉಲಿಯ ಜೊತೆ ಬರುವ ಮೂಲ ದನಿ ಒಂದಿದೆ. ನಿಮಗೆ ಮೊದಲೇ ತಿಳಿದಿರಲಿ, ಅದು ನನ್ನ ದನಿ. ಶುರುಮಾಡಿದಾಗ ಓದಿಕೊಡಲು ಬೇರೆ ಯಾರೂ ಇರಲಿಲ್ಲ.

ಕಟ್ಟಲೇ?

ಸಂಘಮಿತ್ರ


ದೊಡ್ಡಬಳ್ಳಾಪುರ
29 ಜೂನ್ 2024

ಬೇಡ ಮೇಡಂ. ನಮ್ಮ ಮನೆಯಲ್ಲಿ ಅವಳ ಬಾಯಿಂದ ಇನ್ನೊಬ್ಬರು ಮಾತಾಡುವುದು ಬೇಡ. ನಿಮ್ಮ ಮೇಲೆ ಸಿಟ್ಟಿಲ್ಲ. ನನಗೆ ಕೇಳಲು ಆಗುವುದಿಲ್ಲ. ಹಲಗೆಯಲ್ಲೇ ಹೇಗೋ ನಡೆಸುತ್ತೇವೆ.

ಅಶೋಕ್


ದೊಡ್ಡಬಳ್ಳಾಪುರ
3 ಜುಲೈ 2024

ಮೇಡಂ,

ಮತ್ತೆ ಬರೆಯುತ್ತಿದ್ದೇನೆ.

ನಿನ್ನೆ ಮಮತಳಿಗೆ ನಿಜ ಹೇಳಿದೆ. ಹೇಳಬೇಕೆಂದು ಹೇಳಲಿಲ್ಲ. ಪಕ್ಕದ ಮನೆಯ ಮುನಿರತ್ನಮ್ಮ ಬಂದು ಅವಳ ಎದುರಿಗೇ, “ಕಂಪ್ಯೂಟ್ರು ಸರಿಹೋಯ್ತಾ?” ಎಂದು ಕೇಳಿದರು. ಇನ್ನೂ ಸ್ವಲ್ಪ ದಿನ ಎಂದೆ. ಅವರು ಹೋದ ಮೇಲೆ ಮಮತ ಹಲಗೆಯ ಕಡೆ ನೋಡಿದಳು. ಹಿಡಿದೆ. ‘ಸುಳ್ಳು’ ಎಂದು ಆರಿಸಿದಳು. ಆಗ ಎಲ್ಲ ಹೇಳಿಬಿಟ್ಟೆ. ಅಂಗಡಿ, ಬೆಂಗಳೂರು, ಸೊನ್ನೆಗಳು. ನಿಮ್ಮ ದನಿಯ ವಿಷಯ, ನಾನು ಬೇಡವೆಂದದ್ದು, ಅದನ್ನೂ.

ಅತ್ತಳು. ಬಹಳ ಹೊತ್ತು. ಅಳುವಾಗ ಅವಳಿಗೆ ಉಸಿರು ಕಟ್ಟುತ್ತದೆ, ತಲೆ ಎತ್ತಿ ಹಿಡಿದುಕೊಳ್ಳಬೇಕು. ಹಿಡಿದುಕೊಂಡಿದ್ದೆ. ಸಮಾಧಾನವಾದ ಮೇಲೆ ಮತ್ತೆ ಹಲಗೆ ಕೇಳಿದಳು. ಒಂದೊಂದೇ ಅಕ್ಷರ. ‘ನನ್ನ ಕೇಳಿದ್ಯಾ’ ಎಂದಾಯಿತು. ಅವಳು ನಿಲ್ಲಿಸಲಿಲ್ಲ. ‘ಗಂಜಿ ಸುಟ್ಟಿದ್ದು ನನ್ನ ಬಾಯಿ’ ಎಂದಳು. ಆಮೇಲೆ ‘ತರಿಸು’ ಎಂದಳು.

ಕಟ್ಟಿ ಕಳಿಸಿ ಮೇಡಂ.

ಅಶೋಕ್


ಸಿಲ್ಚರ್
5 ಜುಲೈ 2024

ಅಶೋಕ್ ಅವರೇ,

ಪ್ಯಾಕೇಜ್ ಲಗತ್ತಿಸಿದ್ದೇನೆ. ಎರಡು ಸಲ ಕಟ್ಟುವಾಗ ನಡುವೆ ಜನರೇಟರ್ ನಿಂತಿತು, ಮೂರನೆಯ ಸಲ ಆಯಿತು.

ಇದು ಸರ್ವರಿನಿಂದ ಬರುವುದಲ್ಲ, ನಿಮ್ಮ ಕೈಯಲ್ಲಿರುವ ಕಡತ. ಅದು ಇರುವ ಫೋಲ್ಡರಿಗೆ ಹೋಗಿ ಅಲ್ಲಿಂದ ಹಾಕಬೇಕು. ಮೊದಲು ಪ್ಯಾಕೇಜುಗಳ ಪಟ್ಟಿಯನ್ನು ಹೊಸದು ಮಾಡಿಕೊಳ್ಳಲು ಹೇಳಿ, ಆಮೇಲೆ ಇದನ್ನು. ಆಜ್ಞೆಗಳು ಬೇರೆ ಕಡತದಲ್ಲಿವೆ. ಡಿಸ್ಕಿನಲ್ಲಿ ಜಾಗ ಇದೆಯೇ ಎಂದೂ ನೋಡಿ. ಜಾಗ ಸಾಲದಿದ್ದರೆ ಅರ್ಧಕ್ಕೆ ನಿಲ್ಲುತ್ತದೆ. ಕರೆಂಟ್ ಹೋದರೂ ಲ್ಯಾಪ್‌ಟಾಪ್ ಆರದಂತೆ ಯಾರದಾದರೂ ಯುಪಿಎಸ್ ತನ್ನಿ.

ಪ್ರಶ್ನೆ ಕೇಳಿದರೆ ತಕ್ಷಣ ಒತ್ತಬೇಡಿ. ಏನನ್ನು ಹಾಕುತ್ತದೆ, ಏನನ್ನು ತೆಗೆಯುತ್ತದೆ ಎಂಬ ಎರಡು ಪಟ್ಟಿ ಬರುತ್ತದೆ. ಪೂರ್ತಿ ಓದಿ. ಮಮತಾ ಅವರೂ ಓದಲಿ.

ಸಂಘಮಿತ್ರ


ದೊಡ್ಡಬಳ್ಳಾಪುರ
6 ಜುಲೈ 2024

ಮೇಡಂ,

ಆಗಲಿಲ್ಲ. ಉಲಿಗೆ ಬೇಕಾದ ಧ್ವನಿಯ ಲೈಬ್ರರಿ ಒಂದು ಹಳೆಯದಿರಬೇಕಂತೆ, ಇಲ್ಲಿರುವುದು ಹೊಸದಂತೆ. ಹೊಂದುವುದಿಲ್ಲ ಎಂದು ನಿಂತಿತು. ಬಲವಂತವಾಗಿ ಹಾಕುವ ಕಮಾಂಡ್ ಇದೆ ಎಂದು ಇಂಟರ್ನೆಟ್ಟಿನಲ್ಲಿದೆ. ಕೊಟ್ಟಿಲ್ಲ. ಪರದೆಯ ಫೋಟೋ ಕಳಿಸಿದ್ದೇನೆ. ಫೋಟೋ ಅಲುಗಾಡಿದ್ದರೆ ಹೇಳಿ, ಮತ್ತೆ ತೆಗೆಯುತ್ತೇನೆ.

ಅಶೋಕ್


ಸಿಲ್ಚರ್
7 ಜುಲೈ 2024

ಬಲವಂತ ಬೇಡ. ನೀವು ಕೊಡದೆ ಇದ್ದದ್ದು ದೊಡ್ಡ ಕೆಲಸ. ತಪ್ಪು ನನ್ನದು, ಹಳೆಯ ಲೈಬ್ರರಿಯೇ ಬೇಕು ಎಂಬ ಸಾಲನ್ನು ತೆಗೆಯಲು ಮರೆತಿದ್ದೆ. ಹೊಸದರ ಜೊತೆ ಕಟ್ಟಿ ಮತ್ತೆ ಕಳಿಸಿದ್ದೇನೆ. ಮೊದಲಿನ ಕಡತ ಅಳಿಸಿ, ಇದನ್ನು ಹಾಕಿ. ಅದೇ ಆಜ್ಞೆ.

ಸಂಘಮಿತ್ರ


ದೊಡ್ಡಬಳ್ಳಾಪುರ
8 ಜುಲೈ 2024

ಮೇಡಂ,

ಆಯಿತು.

ತೆಗೆಯುವ ಪಟ್ಟಿ ಖಾಲಿಯಿತ್ತು. ಹಾಕುವ ಪಟ್ಟಿಯನ್ನು ಮಮತಳಿಗೆ ಒಂದೊಂದಾಗಿ ಓದಿದೆ, ಅವಳೂ ನೋಡಿದಳು. ಹಲಗೆ ಹಿಡಿದು ಕೇಳಿದೆ. ‘ಹೂಂ’ ಎಂದು ಅಕ್ಷರದಲ್ಲಿ ಆರಿಸಿದ ಮೇಲೆಯೇ ಒತ್ತಿದೆ. ಸಾಲುಗಳು ಓಡಿದವು, ನಿಂತವು, ಉಲಿಯ ಚೌಕ ಬಂತು. ಕೆನ್ನೆಗೆ ಸ್ವಿಚ್ ಕಟ್ಟಿದೆ. ಅಭ್ಯಾಸ ತಪ್ಪಿ ಎರಡು ಮೂರು ಅಕ್ಷರ ತಪ್ಪಾಯಿತು, ಅಳಿಸಿ ಮತ್ತೆ ಮಾಡಿದಳು.

ಅಮ್ಮ ಒಳಗೆ ಕಾಳು ಬಿಡಿಸುತ್ತಿದ್ದಳು. ನಡುಮನೆಯಲ್ಲಿ, “ಅತ್ತೆ, ಕುತ್ತಿಗೆ ನೋಯ್ತಿದೆ, ದಿಂಬು ಸರಿ ಮಾಡಿ” ಎಂದು ಒಂದು ಹೆಂಗಸಿನ ದನಿ ಬಂತು. ಅಮ್ಮ ಎದ್ದು ಬಂದವಳು ನೇರ ಬಾಗಿಲಿಗೆ ಹೋದಳು. “ಯಾರವ್ವಾ, ಬನ್ನಿ ಒಳಕ್ಕೆ” ಎಂದಳು. ಬೀದಿಯಲ್ಲಿ ಯಾರೂ ಇಲ್ಲ. ಮಮತ ಮತ್ತೆ ಆರಿಸಿದಳು. “ಅತ್ತೆ, ನಾನೇ.” ಅಮ್ಮ ತಿರುಗಿ ಅವಳ ಮುಖವನ್ನೇ ನೋಡುತ್ತಾ ನಿಂತಳು. “ಇದ್ಯಾಕವ್ವ ದನಿ ಹಿಂಗಾಯ್ತು, ಶೀತವಾ?” ಎಂದು ಕೇಳಿ ದಿಂಬು ಸರಿ ಮಾಡಿದಳು. ಆಮೇಲೆ ಅಲ್ಲೇ ಕೂತು ಒಂದೇ ಸಮನೆ ಮಾತಾಡತೊಡಗಿದಳು. ಇಷ್ಟು ದಿನ ಕಟ್ಟಿಟ್ಟುಕೊಂಡಿದ್ದನ್ನೆಲ್ಲ.

ನಾನು ಹಿತ್ತಿಲಿಗೆ ಹೋದೆ. ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವಾಗಲಿಲ್ಲ. ದನಿ ಚೆನ್ನಾಗಿದೆ ಮೇಡಂ. ಅವಳದಲ್ಲ, ನಿಮ್ಮದು ಅನ್ನುವುದೇ ಕಷ್ಟ. ಒಳಗಿನಿಂದ “ಅಶೋಕ್” ಎಂದು ಕರೆದಾಗ ನಾನು ಏಳಲಿಲ್ಲ. ಎರಡನೇ ಸಲ ಕರೆದಾಗ ಎದ್ದೆ.

ನಾಳೆಯಿಂದ ಕೆಲಸಕ್ಕೆ ಹೋಗುತ್ತೇನೆ.

ಅಶೋಕ್


ದೊಡ್ಡಬಳ್ಳಾಪುರ
14 ಜುಲೈ 2024

ಪ್ರಿಯ ಸಂಘಮಿತ್ರ,

ನಾನು ಮಮತ. ಈ ಪತ್ರ ಬರೆಯಲು ಶುಕ್ರವಾರ ಶುರುಮಾಡಿದೆ. ಕೆನ್ನೆ ನೋಯುತ್ತದೆ, ಅದಕ್ಕೇ ವಾಕ್ಯಗಳು ಚಿಕ್ಕವು.

ನಿಮಗೆ ಹೋದ, ನಿಮ್ಮಿಂದ ಬಂದ ಪತ್ರಗಳನ್ನೆಲ್ಲ ಓದಿದೆ. ಅಶೋಕನೇ ತೆರೆದುಕೊಟ್ಟು ಕೆಲಸಕ್ಕೆ ಹೋದ. ನಾನು ಓದುವಾಗ ಪಕ್ಕದಲ್ಲಿರಲು ಅವನಿಗೆ ಧೈರ್ಯ ಸಾಲಲಿಲ್ಲ.

ನನ್ನ ದನಿ ಹೋದದ್ದಕ್ಕೆ ಸಂಕಟವಿದೆ. ಅದು ಹೋಗುವುದಿಲ್ಲ. ನಾಲಗೆ ಹೋದಾಗ ಇಷ್ಟು ಅತ್ತಿರಲಿಲ್ಲ, ಆಗ ಒಂದು ಕಡೆ ತೆಗೆದಿಟ್ಟಿದ್ದೇನೆ ಎಂಬ ಜಂಬವಿತ್ತು. ಅಶೋಕ ಈಗಲೂ ನಾನು ಮಾತಾಡುವಾಗ ಕಿಟಕಿ ನೋಡುತ್ತಾನೆ. ನೋಡಲಿ. ಅತ್ತೆ ಮಾತ್ರ ಒಂದೇ ದಿನದಲ್ಲಿ ಹೊಂದಿಕೊಂಡರು. ನಿಮ್ಮ ದನಿ ಮೆತ್ತಗಿದೆಯಂತೆ, ಹಳೆಯದು ಟೀಚರ್ ದನಿಯಂತೆ.

ಒಂದು ತೊಂದರೆ ಇದೆ. ನೀವು ವಾಕ್ಯಗಳನ್ನು ಬಹಳ ಮರ್ಯಾದೆಯಿಂದ ಓದಿದ್ದೀರಿ. ನಾನು ಅಶೋಕನಿಗೆ ಬಯ್ದರೆ ವಾರ್ತೆ ಓದಿದ ಹಾಗೆ ಕೇಳುತ್ತದೆ. ನಿನ್ನೆ ‘ಎಲ್ಲಿ ಹಾಳಾಗೋಗಿದ್ದೆ, ಬೇಗ ಬರೋಕಾಗಲ್ವಾ’ ಎಂದೆ. ಅವನಿಗೆ ನಗು ಬಂದುಬಿಟ್ಟಿತು. ಇಷ್ಟು ದಿನದಲ್ಲಿ ಮೊದಲ ಸಲ. ಆದರೂ ನನಗೆ ಬಯ್ಯುವುದು ಬೇಕು. ನೀವು ಹೊಸಕೋಟೆಯವರು, ನಿಮಗೆ ಬರುತ್ತದೆ. ಬಿಡುವಾದಾಗ ನಾಲ್ಕು ಬೈಗುಳ ಸರಿಯಾಗಿ ಓದಿ ಸೇರಿಸಿ.

ಅಶೋಕನ ಪತ್ರಗಳನ್ನು ಓದುವಾಗ ನನಗೆ ನಾಚಿಕೆಯಾಯಿತು. ಅಷ್ಟೂ ಪತ್ರಗಳಲ್ಲಿ ಅವನು ನೀವು ಹೇಗಿದ್ದೀರಿ ಎಂದು ಒಂದು ಮಾತೂ ಕೇಳಿಲ್ಲ. ಅವನಿಗೆ ಅಷ್ಟು ಭಯವಾಗಿತ್ತು, ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ನಾನು ಕೇಳುತ್ತೇನೆ. ನಿಮ್ಮ ಮನೆಯಿಂದ ನೀರು ಇಳಿಯಿತೇ? ಎಲ್ಲಿ ಮಲಗುತ್ತಿದ್ದೀರಿ? ಒಣಗಿದ ಬಟ್ಟೆ ಇದೆಯೇ? ನಿಮ್ಮ ಜೊತೆ ಯಾರಿದ್ದಾರೆ?

ನಿಧಾನವಾಗಿ ಬರೆಯಿರಿ. ಇವತ್ತು ಅತ್ತೆಗೆ ನಿಮ್ಮ ವಿಷಯ ಹೇಳಿದೆ, ನಿಮ್ಮ ದನಿಯಲ್ಲೇ. ಆ ಮಗುಗೆ ಊಟ ಆಯ್ತಾ ಕೇಳು ಎಂದಿದ್ದಾರೆ.

ಮಮತ